ತಾಖಿಯ ಎದುರು

ಟಿಕೆಟ್ಟು ಕೊಳ್ಳುವಷ್ಟರಲ್ಲೇ ಬಿಸಿಲು ನೆತ್ತಿಗೇರಿತ್ತು.
ಮೂರು ವರ್ಷದ ತಾಮಿರನಿಗೆ ಪುಕ್ಕಟೆ,
ಏಳರ ನೊಮೂನಳಿಗೆ ಅರ್ಧ,
ನನಗೂ ಗಂಡನಿಗೂ ಪೂರ್ತಿ.
ಪ್ರಾಗ್ ಶಹರದ ದುಡ್ಡನ್ನು ನಮ್ಮ ತುಗ್ರಿಕ್ಕಿಗೆ
ಗುಣಿಸಬೇಡ ಅಂದಿದ್ದೆ. ಗುಣಿಸಿದ.
ಇಷ್ಟಕ್ಕೆ ನಮ್ಮಲ್ಲಿ ಅರ್ಧ ಕುರಿ ಬರುತ್ತದೆ, ಅಂದ.
ಯಾವ ಅರ್ಧ, ಅಂತ ಕೇಳಿದೆ.

ಆನೆ ನೋಡಿದೆವು. ಅಂದರೆ, ನಾನು ನೋಡಿದೆ.
ತಾಮಿರ್ ನೋಡಿದ್ದು ಆನೆಯ ಮುಂದಿನ ಮೋರಿಯ ಜಾಲರಿ,
ಅದರಲ್ಲಿ ಸಿಕ್ಕಿಕೊಂಡ ಯಾರದೋ ಐಸ್‌ಕ್ರೀಮಿನ ಕಡ್ಡಿ,
ಕಡ್ಡಿಯುದ್ದಕ್ಕೂ ಇರುವೆ.
ಜಿರಾಫೆಯ ಹತ್ತಿರ ಒಂದು ಗುಬ್ಬಿ.
ನೀರಾನೆಯ ಹತ್ತಿರ ತೊಟ್ಟಿಕ್ಕುವ ನಲ್ಲಿ.
ನೊಮೂನ್ ಮಾತ್ರ ಪಟ್ಟಿ ಹಿಡಿದು
ಸಾಲದ ಮನೆಗೆ ಬಂದ ವಸೂಲಿಯವನ ಹಾಗೆ
ಗೀಟು ಹಾಕುತ್ತ, ಮುಂದೆ, ಮುಂದೆ, ಅನ್ನುತ್ತಿದ್ದಳು.
ಗೊರಿಲ್ಲಾ ಬೆನ್ನು ತಿರುಗಿಸಿ ಕೂತಿತ್ತು.
ಅದಕ್ಕೆ ಅರ್ಧ ಗೀಟು.

ಮಧ್ಯಾಹ್ನ ಬೆಂಚಿನ ಮೇಲೆ ಬ್ರೆಡ್ಡು, ಬೇಯಿಸಿದ ಮೊಟ್ಟೆ,
ಹೋಟೆಲಿನಿಂದ ಜೇಬಿಗಿಳಿಸಿ ತಂದ ಜಾಮಿನ ಪುಟ್ಟ ಡಬ್ಬಿಗಳು.
ಪಕ್ಕದಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಮುದುಕಿ
ತಾಮಿರನ ಕೆಂಪು ಕೆನ್ನೆ ನೋಡಿ ಏನೋ ಕೇಳಿದಳು.
ಮೊಂಗೋಲ್ಸ್ಕೊ, ಅಂದ ಗಂಡ,
ಬರುತ್ತಿದ್ದ ನಾಲ್ಕು ಪದಗಳಲ್ಲಿ ಅದೊಂದು.
ಮುದುಕಿ ಎದ್ದೇಬಿಟ್ಟಳು. ಹೆಣಿಗೆ ಕಂಕುಳಿಗೆ ಸೇರಿಸಿ,
ಮೊಟ್ಟೆ ಅಗಿಯುತ್ತಿದ್ದ ನಮ್ಮನ್ನು ಗುಡ್ಡ ಹತ್ತಿಸಿ,
ಒಂದು ಬೇಲಿಯ ಎದುರು ನಿಲ್ಲಿಸಿ,
ಮನೆಗೆ ಬಂದ ಸೊಸೆಯನ್ನು ತೋರಿಸುವ ಹಾಗೆ
ಕೈ ಚಾಚಿದಳು.

ತಾಖಿ.

ಒಣಹುಲ್ಲಿನ ಬಣ್ಣ. ಗಿಡ್ಡ ಕಾಲು, ದಪ್ಪ ಕತ್ತು,
ಬ್ರಷ್ಷಿನ ಹಾಗೆ ಸೆಟೆದ ಕೇಸರ,
ಹಿಟ್ಟಿನಲ್ಲಿ ಅದ್ದಿ ತೆಗೆದಂಥ ಮೂತಿ.
ಫಲಕದ ಭೂಪಟದಲ್ಲಿ ನಮ್ಮ ದೇಶ ಕೆಂಪಗೆ.
ನಮ್ಮನೆ ಎಲ್ಲಿ, ಅಂತ ನೊಮೂನ್ ಬೆರಳಿಟ್ಟಳು,
ಬೆರಳಡಿಯಲ್ಲಿ ಇಡೀ ಉಲಾನ್‌ಬಾತರ್ ಮುಚ್ಚಿಹೋಯಿತು.
ನಾವು ಹದಿನಾಲ್ಕನೇ ಮಹಡಿಯವರು.
ತಾಖಿಯನ್ನು ಕಂಡದ್ದು ಶಾಲೆಯ ಗೋಡೆಯ ಮೇಲೆ,
ಹಾಲಿನ ಪೊಟ್ಟಣದ ಮೇಲೆ.
ನಮ್ಮ ಕುದುರೆ ನೋಡಲು ಎರಡು ವಿಮಾನ ಹತ್ತಬೇಕಾಯಿತಲ್ಲ
ಅಂತ ನನಗೆ ನಗು.

ಗಂಡ ನಗಲಿಲ್ಲ.
ಲಿಫ್ಟ್ ರಿಪೇರಿ ಮಾಡುವ ಮನುಷ್ಯ.
ಹತ್ತು ತುಂಬುವವರೆಗೆ ಅಜ್ಜನ ಜೊತೆ ಬಯಲಲ್ಲಿದ್ದನಂತೆ,
ಆ ಮಾತು ಎಂದೂ ಎತ್ತುವವನಲ್ಲ.
ಈಗ ಟೋಪಿ ತೆಗೆದ. ಬೇಲಿಗೆ ಎದೆಯೊತ್ತಿದ.
ಗಂಟಲ ತಳದಿಂದ ಒಂದು ಸದ್ದು,
ಅರ್ಧ ಸಿಳ್ಳೆ, ಅರ್ಧ ಗುನುಗು,
ಹನ್ನೊಂದು ವರ್ಷದ ಸಂಸಾರದಲ್ಲಿ ನಾನು ಕೇಳದೇ ಇದ್ದದ್ದು.
ಆಮೇಲೆ, ಚೂ.
ಚೂ.

ಒಂದು ಕಿವಿಯೂ ಅಲುಗಲಿಲ್ಲ.

ಹಸಿರಂಗಿಯ ಹುಡುಗಿಯೊಬ್ಬಳು ಬಕೆಟ್ಟು ಹಿಡಿದು ಬಂದು
ಝೆಕ್ ಮಾತಿನಲ್ಲಿ ಏನೋ ಗದರಿದಳು.
ಆರೂ ತಲೆಯೆತ್ತಿ ಓಡಿದವು.

ಅಪ್ಪಾ, ಅದಕ್ಕೆ ನಮ್ಮ ಮಾತು ಬರಲ್ವಾ?
ಇವು ಯಾರ ಮಾತೂ ಕೇಳೋ ಜಾತಿಯಲ್ಲ ಮಗಳೇ,
ಇಲ್ಲೀತನಕ ಯಾರನ್ನೂ ಬೆನ್ನಿಗೆ ಹತ್ತಿಸಿಕೊಂಡಿಲ್ಲ.
ಬಕೆಟ್ ಮಾತು ಕೇಳ್ತಾವಲ್ಲ?
ಅವನು ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿದ.
ಮುದುಕಿ ಅವನ ತೋಳು ತಟ್ಟಿ,
ಅಳತೆಗೋ ಏನೋ, ಅರ್ಧ ಹೆಣೆದ ತೋಳನ್ನು
ತಾಮಿರನ ಕೈಗೆ ಹಿಡಿದು ನೋಡಿ, ಹೋದಳು.
ಗೀಟು ಹಾಕುವುದು ನೊಮೂನಳಿಗೆ ಮರೆತೇಹೋಯಿತು.

ಸಂಜೆ ಟ್ರಾಮಿನಲ್ಲಿ ಕೂರಲು ಜಾಗವಿಲ್ಲ.
ತಾಮಿರ್ ನನ್ನ ಹೆಗಲ ಮೇಲೆ ಜೊಲ್ಲು ಸುರಿಸುತ್ತ ನಿದ್ದೆ.
ನದಿಯ ಸೇತುವೆಯ ನಡುಮಧ್ಯೆ ಗಾಡಿ ನಿಂತುಬಿಟ್ಟಿತು,
ಯಾಕೆಂದು ಯಾರೂ ಹೇಳಲಿಲ್ಲ, ಹೇಳಿದ್ದರೂ ನಮಗೆ ತಿಳಿಯುತ್ತಿರಲಿಲ್ಲ.
ಜನ ಗಡಿಯಾರ ನೋಡಿಕೊಂಡರು.
ಗಂಡ ನೀರು ನೋಡುತ್ತಿದ್ದ.
ತಾಮಿರ್ ಒಂದೇ ಕಣ್ಣು ತೆರೆದ.
ದಿನವಿಡೀ ಮೋರಿ ನೋಡಿದವನು, ನಲ್ಲಿ ನೋಡಿದವನು,
ಕುದುರೆಯತ್ತ ತಿರುಗಿಯೂ ನೋಡದವನು,
ಅಪ್ಪನದೇ ಗಂಟಲಲ್ಲಿ,
ಚೂ, ಅಂದ.

ಗಾಡಿ ಹೊರಟಿತು.